ಹರಕೆ ಕೋಳಿಯ ನೀಲಿ ದಾರ

ಅಂತೋಣಿಪುರ, ರಾಜಘಟ್ಟದ ದಾರಿ
ದೊಡ್ಡಬಳ್ಳಾಪುರ ತಾಲ್ಲೂಕು
೮ನೇ ಜೂನ್ ೧೯೪೪, ಗುರುವಾರ

ಅತ್ತಿಗೆಮ್ಮ ಮಾರಕ್ಕನಿಗೆ, ನಿನ್ನ ತಮ್ಮ ಚೌರಪ್ಪನ ಹೆಂಡತಿ ಮದಲಮ್ಮ ಬರೆಯುವ ಕಾಗದ.

ನಿನ್ನ ಕಾಲಿಗೆ ಬೀಳುತ್ತೇನೆ ಅತ್ತಿಗೆ. ನೀನು ಊರು ಬಿಟ್ಟು ಎರಡು ತಿಂಗಳಾಯಿತು, ಇದು ನನ್ನ ಮೊದಲ ಕಾಗದ. ಯುದ್ಧದ ಕಾಲ, ಬಿಳಿ ಹಾಳೆ ಸಿಗಲಿಲ್ಲ ಎಂದು ಬರೆಯಬಹುದಾಗಿತ್ತು. ಹಾಳೆ ಇತ್ತು, ಮಸಿಯೂ ಇತ್ತು. ಬರೆಯುವ ಮುಖ ಇರಲಿಲ್ಲ. ಹಿರಿಯರಿಗೆ ಬರೆಯುವಾಗ ಬಹುವಚನ ಹಾಕಬೇಕೆಂದು ಬೆಂಗಳೂರಿನ ಅನಾಥಾಲಯದಲ್ಲಿ ಕನ್ಯಾಸ್ತ್ರೀಯರು ನನಗೆ ಕಲಿಸಿದ್ದರು. ನಿನಗೆ ಬಹುವಚನ ಹಾಕಿದರೆ "ಯಾರಿಗೆ ಬರ್ದವಳೆ ಇವಳು" ಅಂತ ನೀನು ಹಿಂದೆ ತಿರುಗಿ ನೋಡುತ್ತೀಯ. ಅದಕ್ಕೇ ಹಾಕಿಲ್ಲ.

ನೀನು ನೂಲು ಸುತ್ತುವ ಮಗ್ಗದ ಮನೆಯ ವರಲಕ್ಷ್ಮಮ್ಮನವರು ನಿನಗೆ ಇದನ್ನು ಓದಿ ಹೇಳುತ್ತಾರೆಂದು ಗಾಡಿಯ ಗಂಗಣ್ಣ ಹೇಳಿದ. ವರಲಕ್ಷ್ಮಮ್ಮನವರೆ, ನಿಮಗೂ ನಮಸ್ಕಾರ. ನಮ್ಮ ಮತದ ಸಂಗತಿ ನಿಮಗೆ ಹೊಸದು, ಅಲ್ಲಲ್ಲಿ ಬಿಡಿಸಿ ಬರೆದಿದ್ದೇನೆ. ನಮ್ಮ ಅತ್ತಿಗೆ ಎದ್ದು ಹೋದರೂ ಕೂರಿಸಿಕೊಂಡು ಓದಿ. ಒಂದು ಸಾಲನ್ನೂ ಬಿಡಬೇಡಿ.

ಅತ್ತಿಗೆ, ಗುಡಿಯವರು ನಮಗೆ ಏನು ಮಾತು ಕೊಟ್ಟರು, ಏನು ಕೊಡಲಿಲ್ಲ ಅನ್ನುವುದನ್ನು ಮೊದಲು ಹೇಳಿಬಿಡುತ್ತೇನೆ. ನಿಮ್ಮಪ್ಪ ತಲೆಗೆ ಜ್ಞಾನಸ್ನಾನದ ನೀರು ಹಾಕಿಸಿಕೊಂಡ ದಿನ, ಇಲ್ಲಿ ಮೇಲು ಕೀಳು ಇಲ್ಲ ಎಂದರು. ಹೊಲ ಗದ್ದೆ ಇರುವ ಕ್ರೈಸ್ತರಿಗೆ ಗುಡಿಯ ಮುಂದಿನ ಸಾಲು ಸಿಕ್ಕಿತು, ನಮ್ಮ ಕೇರಿಗೆ ಬಾಗಿಲ ಬಳಿಯ ನೆಲ. ಎಲ್ಲರಿಗೂ ಒಂದೇ ಸತ್ಪ್ರಸಾದ ಎಂದರು. ಪ್ರಸಾದ ಒಂದೇ ನಿಜ, ಮುಂದಿನ ಸಾಲು ತಿಂದು ಎದ್ದ ಮೇಲೆ ನಮ್ಮ ಸರದಿ. ದೇವರು ಹೃದಯ ನೋಡುತ್ತಾನೆ ಎಂದರು. ದೇವರ ಪರವಾಗಿ ಬಂದವರು ನಮ್ಮ ಒಲೆ ನೋಡಿದರು. ಹಸಿದವರ ಹೊಟ್ಟೆಯಲ್ಲಿ ಯೇಸುಸ್ವಾಮಿ ಇದ್ದಾನೆ ಎಂದು ವರ್ಷಕ್ಕೊಮ್ಮೆ ಉಪದೇಶ ಮಾಡಿದರು. ಹಸಿದವಳಿಗೆ ಉಣಿಸಿದ ನಿನಗೆ ಪ್ರಸಾದ ತಪ್ಪಿಸಿದರು.

ಬೇರೆಯವರನ್ನು ಬೈಯಲು ಕೂತಿದ್ದೇನೆ ಅಂದುಕೊಳ್ಳಬೇಡ. ಇದರಲ್ಲಿ ನಾನೂ ಇದ್ದೇನೆ.

ಮಗು ಚೆನ್ನಾಗಿದೆ. ಕೆನ್ನೆ ತುಂಬಿದೆ. ಮಗುಚಿಕೊಳ್ಳಲು ಹೋಗಿ ಕೈ ಅಡಿಯಲ್ಲಿ ಸಿಕ್ಕಿಸಿಕೊಂಡು ಅಳುತ್ತಾಳೆ. ನಿನ್ನ ಮೂಗೇ ಬಂದಿದೆ ಅವಳಿಗೆ, ಸಿಟ್ಟೂ ನಿನ್ನದೇ. ರಾಗಿಗೆ ಕಷ್ಟ, ಸೀಮೆಎಣ್ಣೆಗೆ ಇನ್ನೂ ಕಷ್ಟ. ನೀನು ಇದ್ದ ಗುಡಿಸಲಿನ ಬಾಗಿಲನ್ನು ಹಗ್ಗ ಹಾಕಿ ಕಟ್ಟಿದ್ದೇನೆ. ಒಳಗೆ ಹೋಗಲು ಮನಸ್ಸು ಬರುವುದಿಲ್ಲ.

ಬರುವ ಮಂಗಳವಾರ ನಮ್ಮ ಗುಡಿಯ ಅಂತೋಣಿಯಪ್ಪನ ಹಬ್ಬ. ವರಲಕ್ಷ್ಮಮ್ಮನವರೆ, ಅಂತೋಣಿಯಪ್ಪ ನಮ್ಮ ಸಂತ, ಕೈಯಲ್ಲಿ ಮಗು ಎತ್ತಿಕೊಂಡು ನಿಂತ ವಿಗ್ರಹ ಅವನದು. ಹೆರಿಗೆ, ಕಾಯಿಲೆ, ಏನೇ ಕಷ್ಟ ಬಂದರೂ ಅವನಿಗೊಂದು ಕೋಳಿ ಹರಕೆ ಹೊತ್ತು ಕಾಲಿಗೆ ನೀಲಿ ದಾರ ಕಟ್ಟುತ್ತೇವೆ. ದಾರ ಕಟ್ಟಿದ ಕೋಳಿಯನ್ನು ಮನೆಯವರು ಕುಯ್ಯುವಂತಿಲ್ಲ, ಮಾರುವಂತಿಲ್ಲ. ಹಬ್ಬದ ದಿನ ಪೂಜೆ ಮುಗಿದ ಮೇಲೆ ಗುಡಿಯ ಹಿರಿಯ ಇನ್ನಾಸಪ್ಪ ಅವನ್ನು ಹರಾಜು ಹಾಕುತ್ತಾನೆ.

ಹೋದ ಭಾನುವಾರ ದೊಡ್ಡಬೀರಪ್ಪನ ಮನೆಯಿಂದ ನಿನ್ನ ತಮ್ಮ ಒಂದು ಕೆಂಪು ಹೇಂಟೆ ಕೊಂಡು ತಂದರು. ಅಂಗಳದಲ್ಲಿ ಕೂತು ಅದರ ಕಾಲಿಗೆ ನೀಲಿ ದಾರ ಕಟ್ಟಿದರು. "ಅಕ್ಕನ ಹರ್ಕೆ ತೀರ್ತು ಬುಡು. ಅಂತೋಣಿಯಪ್ಪಂಗೆ ಕೋಳಿಗೆ ಕೋಳಿ ಬಂತು" ಅಂದರು. ಇನ್ನು ನೀನು ಬಂದು ಗುಡಿಯ ಬಾಗಿಲಲ್ಲಿ ಮೊಣಕಾಲೂರಿ ತಪ್ಪಾಯಿತು ಅಂದುಬಿಟ್ಟರೆ ಎಲ್ಲ ಸರಿಹೋಗುತ್ತದಂತೆ. ಮನಸ್ಸು ಹಗುರವಾಗಿ ಅವತ್ತು ಎರಡು ಮುದ್ದೆ ಉಂಡರು. ನನಗೆ ಒಂದೂ ಇಳಿಯಲಿಲ್ಲ. ಆ ಹೇಂಟೆ ಈಗಲೂ ಅಂಗಳದಲ್ಲಿ ಕೆದಕುತ್ತಿದೆ. ದಾರ ಕಟ್ಟಿದ ಕಾಲನ್ನು ಎತ್ತಿ ಎತ್ತಿ ಇಡುತ್ತದೆ. ಅದನ್ನು ನೋಡಿಯೇ ಈ ಕಾಗದಕ್ಕೆ ಕೂತೆ.

ಅದೇನು ಸರಿಹೋಗುವುದು ಅತ್ತಿಗೆ? ಮೊದಲನೆಯ ಹೇಂಟೆಗೆ ಏನಾಯಿತು ಅನ್ನುವುದನ್ನು ಯಾರಾದರೂ ಬಾಯಿ ಬಿಟ್ಟು ಹೇಳಿದರೇ?

ನನಗೆ ಹೆರಿಗೆ ನೋವು ನಿಂತು ನಿಂತು ಬಂದಾಗ, ಸೂಲಗಿತ್ತಿ ಅಮ್ಮಯಮ್ಮ ಕೈ ಚೆಲ್ಲಿದಾಗ, ನಿನ್ನ ಹತ್ತಿರ ಇದ್ದ, ಮೊಟ್ಟೆಯಿಡುವ ಒಂದೇ ಹೇಂಟೆಗೆ ನೀನು ದಾರ ಕಟ್ಟಿದೆ. ಮಗು ಬಂತು. ಅದು ನಮ್ಮ ತಪಸ್ಸಿನ ಕಾಲ, ಯೇಸುಸ್ವಾಮಿಯ ಪಾಡನ್ನು ನೆನೆದು ಬಾಯಿ ಕಟ್ಟುವ ನಲವತ್ತು ದಿನ. ನಿನ್ನ ತಮ್ಮ ಉಪದೇಶಿ. ಸ್ವಾಮಿಗಳು, ಅಂದರೆ ನಮ್ಮ ಪಾದ್ರಿಗಳು, ಇಲ್ಲದ ದಿನ ಪ್ರಾರ್ಥನೆ ಹೇಳಿಕೊಡುವವರು, ಮಕ್ಕಳಿಗೆ ಜಪ ಕಲಿಸುವವರು. ಉಪದೇಶಿಯ ಮನೆ ಎಲ್ಲರಿಗಿಂತ ಬಿಗಿಯಾಗಿರಬೇಕೆಂದು ಮನೆಯಲ್ಲಿ ಒಪ್ಪೊತ್ತು ಮಾಡಿದರು. ಬಾಣಂತಿಗೂ ಅದೇ, ತಿಳಿ ಗಂಜಿ. ಬಾಣಂತಿಗೆ ಉಪವಾಸ ಬೇಕಿಲ್ಲವೆಂದು ಧರ್ಮಸಭೆಯ ನಿಯಮದಲ್ಲೇ ಇದೆ. ಸ್ವಾಮಿಗಳನ್ನು ಒಂದು ಮಾತು ಕೇಳಿದ್ದರೆ ಮಾಂಸಕ್ಕೂ ಅಪ್ಪಣೆ ಸಿಗುತ್ತಿತ್ತು. ಕೇಳಿ ಎಂದೆ. ಅವರು ಕೇಳಲಿಲ್ಲ.

"ಕೇಳಿದ್ರೆ ಮುಂದ್ಲ ಸಾಲಿನೋರು ನಗ್ತಾರೆ ಕಣೆ. ಕೇರಿಯೋರು, ನಲವತ್ತು ದಿನ ಬಾಯಿ ಕಟ್ಟಕ್ಕಾಗ್ಲಿಲ್ಲ ಅಂತಾರೆ. ನಮ್ಮಪ್ಪನ್ನ ಏನೇನು ಅಂದವ್ರೆ ನಿಂಗೊತ್ತಿಲ್ಲ."

ಅವರ ಕಣ್ಣಲ್ಲಿ ನೀರಿತ್ತು. ಅದಕ್ಕೇ ಅವರನ್ನು ಪೂರ್ತಿ ಬೈಯಲೂ ನನಗೆ ಆಗುವುದಿಲ್ಲ. ನಮ್ಮನ್ನು ಹೊಲಸು ಅಂದವರ ಮುಂದೆ ಚೊಕ್ಕಟವಾಗಿ ಕಾಣಬೇಕು ಅನ್ನುವ ಹಟ ಅದು. ಆ ಹಟಕ್ಕೆ ಭಕ್ತಿ ಅಂತ ಹೆಸರಿಟ್ಟುಕೊಂಡೆವು. ಮುಂದಿನ ಸಾಲಿನವರು ನಗಬಾರದು ಅನ್ನುವುದಕ್ಕೆ ಹಿಂದಿನ ಸಾಲಿನ ಕೂಸು ಉಪವಾಸ ಬಿತ್ತು.

ದೊಡ್ಡ ಶುಕ್ರವಾರ ಬಂತು, ಸ್ವಾಮಿ ಶಿಲುಬೆಯ ಮೇಲೆ ಸತ್ತ ದಿನ. ಅವತ್ತು ಗಂಜಿಯೂ ಇಲ್ಲ, ಉಪದೇಶಿಯ ಮನೆಯಲ್ಲಿ ಹೊಗೆ ಕಾಣಬಾರದು ಎಂದರು. ನನ್ನ ಎದೆ ಬತ್ತಿತ್ತು. ಮಗು ಅತ್ತೂ ಅತ್ತೂ ದನಿ ಹೋಗಿ ಬಾಯಿ ಮಾತ್ರ ತೆರೆಯುತ್ತಿತ್ತು. ನಿನ್ನ ತಮ್ಮ ಗುಡಿಯಲ್ಲಿ ಶಿಲುಬೆಯ ಹಾದಿಯ ಪ್ರಾರ್ಥನೆ ನಡೆಸುತ್ತಿದ್ದರು, ಜನ ಮೊಣಕಾಲೂರಿ ಏಳುವ ಸದ್ದು ಮನೆಯವರೆಗೆ ಬರುತ್ತಿತ್ತು. ಆಗ ನೀನು ಸೆರಗಿನಲ್ಲಿ ಮಡಕೆ ಮುಚ್ಚಿಕೊಂಡು ಹಿತ್ತಲ ಕಡೆಯಿಂದ ಬಂದೆ. ಮುಚ್ಚಳ ತೆಗೆದಾಗ ಮೆಣಸು ಬೆಳ್ಳುಳ್ಳಿಯ ಹಬೆ ಮುಖಕ್ಕೆ ಬಡಿಯಿತು.

ನಾನು ಗುಡಿಯ ಕಡೆ ನೋಡಿದೆ. ನೀನು ಹೇಳಿದ ಮಾತು ಇದು, ಒಂದಕ್ಷರ ಮರೆತಿಲ್ಲ: "ಬಾಯ್ಬುಡು ಮದ್ಲಿ. ದೇವ್ರು ಸತ್ತ ದಿನ ಅಂತ ಮಗಾನೂ ಸಾಯ್ಬೇಕಾ? ಅಂತೋಣಿಯಪ್ಪನ ಮುಂದೆ ನಿಂತು ಹೇಳ್ಬುಟ್ಟು ಬಂದಿವ್ನಿ. ಆವಪ್ಪನೂ ಮಗ ಎತ್ಕೊಂಡೇ ನಿಂತವ್ನೆ, ತಿಳೀದಾ ಅವನ್ಗೆ."

ನಾನು ತಿಂದೆ. ಮೂಳೆ ಚೀಪಿ ತಿಂದೆ. ನೀನು ಒಂದು ತುಂಡೂ ಬಾಯಿಗಿಟ್ಟುಕೊಳ್ಳಲಿಲ್ಲ, ನಿನ್ನ ಉಪವಾಸ ನೀನು ಮುರಿಯಲಿಲ್ಲ. ಇದನ್ನು ಯಾರೂ ಯಾರಿಗೂ ಹೇಳಲಿಲ್ಲ ಅತ್ತಿಗೆ. ಅವತ್ತು ಇಡೀ ಊರಲ್ಲಿ ನಿಜವಾಗಿ ಉಪವಾಸ ಇದ್ದವಳು ನೀನು. ಆಮೇಲೆ ಸೊಂಟದಿಂದ ನೀಲಿ ದಾರ ತೆಗೆದೆ. ಕುಯ್ಯುವ ಮುಂಚೆ ಕೋಳಿಯ ಕಾಲಿನಿಂದ ಬಿಚ್ಚಿ ತೊಳೆದಿಟ್ಟುಕೊಂಡಿದ್ದೆ. ಅದನ್ನು ಮಗುವಿನ ಕಾಲಿಗೆ ಕಟ್ಟಿ, "ಹರ್ಕೆ ಎಲ್ಲೂ ಓಗಿಲ್ಲ, ಇಲ್ಲೇ ಐತೆ" ಅಂದೆ. ಸಂಜೆಗೆ ನನ್ನ ಎದೆಗೆ ಹಾಲಿಳಿಯಿತು.

ಮಾರನೆಯ ಬೆಳಿಗ್ಗೆ ಪಕ್ಕದ ಮನೆಯ ಪಿಳ್ಳಮ್ಮ ಮಗುವಿಗೆ ಎಣ್ಣೆ ತಿಕ್ಕಲು ಬಂದಾಗ ದಾರ ನೋಡಿದಳು. "ಇದೇನೇ, ಹ್ಯಾಂಟೆ ಕಾಲ್ದಾರ ಮಗಿನ ಕಾಲ್ಗೆ ಬಂದೈತೆ. ಮೊಟ್ಟೆ ಇಕ್ತಾಳಾ ನೋಡು" ಎಂದು ನಕ್ಕಳು. ಸಂಜೆ ಹೊತ್ತಿಗೆ ಸಂಗತಿ ಸ್ವಾಮಿಗಳವರೆಗೆ ಹೋಗಿತ್ತು. ಪಿಳ್ಳಮ್ಮನೇ ಹೇಳಿದಳು ಅಂತ ನೀನು ನಂಬಿದೆ, ಊರೂ ನಂಬಿತು.

ಇನ್ನು ಭಾನುವಾರದ್ದು ಬರೆಯಬೇಕು. ಅದು ಯೇಸುಸ್ವಾಮಿ ಸಾವಿನಿಂದ ಎದ್ದು ಬಂದ ಹಬ್ಬ. ಪೀಠದ ಮುಂದಿನ ಕಟಾಂಜನದ ಬಳಿ ನಮ್ಮ ಕೇರಿಯ ಹೆಂಗಸರು ಸಾಲಾಗಿ ಮೊಣಕಾಲೂರಿದೆವು. ನಾನು, ನನ್ನ ಪಕ್ಕ ನೀನು, ನಿನ್ನ ಆಚೆ ಪಿಳ್ಳಮ್ಮ. ಸ್ವಾಮಿಗಳು ಒಬ್ಬೊಬ್ಬರ ನಾಲಿಗೆಯ ಮೇಲೆ ಸತ್ಪ್ರಸಾದ, ದೇವರ ದೇಹವೆಂದು ನಾವು ನಂಬುವ ತೆಳ್ಳನೆಯ ರೊಟ್ಟಿ, ಇಡುತ್ತಾ ಬಂದರು. ಅದು ಕೆಳಗೆ ಬೀಳದಿರಲೆಂದು ಗದ್ದದ ಕೆಳಗೆ ತಟ್ಟೆ ಹಿಡಿಯುತ್ತಿದ್ದವರು ನಿನ್ನ ತಮ್ಮ, ನೀನು ಎತ್ತಿ ಸಾಕಿದ ತಮ್ಮ. ತಟ್ಟೆ ನನ್ನ ಗದ್ದದ ಕೆಳಗೆ ಬಂತು. ಆಮೇಲೆ ನಿನ್ನನ್ನು ದಾಟಿ ಪಿಳ್ಳಮ್ಮನ ಗದ್ದದ ಕೆಳಗೆ ಹೋಯಿತು. ನಿನಗೆ ಯಾರೂ ಮೊದಲೇ ಹೇಳಿರಲಿಲ್ಲ. ನೀನು ಕಣ್ಣು ಮುಚ್ಚಿ ಬಾಯಿ ತೆರೆದುಕೊಂಡೇ ಇದ್ದೆ. ಎರಡು ದಿನದ ಹಿಂದೆ ಮಗು ಬಾಯಿ ತೆರೆದಿದ್ದಂತೆ.

ಕೋಳಿ ಕುಯ್ದವಳ ಬಾಯಿ ಖಾಲಿ. ಕೋಳಿ ತಿಂದವಳ ಬಾಯಲ್ಲಿ ದೇವರು. ನಾನು ನುಂಗಿದೆ ಅತ್ತಿಗೆ. ನಿನ್ನ ಭುಜಕ್ಕೆ ಕೈ ಹಾಕಿ ಎಬ್ಬಿಸಿ ಹೊರಗೆ ಕರೆದುಕೊಂಡು ಹೋಗಬಹುದಾಗಿತ್ತು. ನುಂಗಿ, ಕೈ ಜೋಡಿಸಿ, ತಲೆ ತಗ್ಗಿಸಿ ಎಲ್ಲರ ಹಾಗೆ ಎದ್ದುಬಂದೆ. ನೋಡಿದವರಿಗೆ ಎಷ್ಟು ಭಕ್ತೆಯಾಗಿ ಕಂಡೆನೋ.

ಗುಡಿಯ ಅಂಗಳದಲ್ಲಿ ಇನ್ನಾಸಪ್ಪ ಜನರ ಮುಂದೆ ನಿನ್ನನ್ನು ನಿಲ್ಲಿಸಿ ಹರಕೆ ಕೋಳಿ ಎಲ್ಲಿ ಎಂದು ಕೇಳಿದ. ತಿಂದಾಯಿತು ಎಂದೆ. ಯಾರು ತಿಂದರು ಎಂದ. ಹಸಿದವರು ಎಂದೆ. ಎಷ್ಟು ಗದರಿದರೂ ನೀನು ಹೆಸರು ಹೇಳಲಿಲ್ಲ. ನೀರು ಹಾಕಿದರೂ ನಾಲಿಗೆ ಕೇರಿಯದೇ ಎಂದು ಮುಂದಿನ ಸಾಲಿನ ಯಾರೋ ಅಂದರು. ನಿನ್ನ ತಮ್ಮ ಹೆದರಿದ್ದ ಮಾತು ಬಂದೇ ಬಂತು. ಮಗು ಎತ್ತಿಕೊಂಡು ಹಿಂದೆ ನಿಂತಿದ್ದ ನಾನು ಮಗುವಿನ ಕಾಲಿನ ಮೇಲೆ ಸೆರಗು ಎಳೆದೆ.

ಸ್ವಾಮಿಗಳು ಕೆಟ್ಟವರಲ್ಲ. ದೂರದ ಸೀಮೆಯಿಂದ ಬಂದು ನಮ್ಮ ಭಾಷೆ ಕಲಿತವರು, ನಮ್ಮ ಹಸಿವು ಕಲಿಯಲಿಲ್ಲ, ಅಷ್ಟೆ. ಅಂತೋಣಿಯಪ್ಪನ ಹಬ್ಬದವರೆಗೆ ಪ್ರತಿ ಭಾನುವಾರ ಬಾಗಿಲ ಹೊರಗೆ ಮೊಣಕಾಲೂರಬೇಕು, ಮಾಡಿದ್ದಕ್ಕೆ ಮನಸಾರೆ ವ್ಯಥೆಪಡುತ್ತೇನೆ ಎಂದು ಈಗ ಎಲ್ಲರ ಮುಂದೆ ಹೇಳಬೇಕು ಎಂದರು. ನೀನು ಸೆರಗಿನಿಂದ ಮುಖ ಒರೆಸಿಕೊಂಡೆ.

"ಮೊಣಕಾಲೂರ್ತೀನಿ ಸ್ವಾಮಿ, ಬೇಕಾದ್ರೆ ಮುಳ್ಳಿನ ಮೇಲೆ ಊರ್ತೀನಿ. ಮಗೀಗೆ ಹಾಲು ಬಂದಿದ್ದಕ್ಕೆ ವ್ಯಥೆ ಪಡು ಅಂದ್ರೆ ಎಂಗ್ ಪಡ್ಲಿ? ಬಾಯಲ್ಲಿ ಅಂದು ಮನಸ್ನಾಗೆ ಇಲ್ದಿದ್ರೆ, ದೇವ್ರ ಮುಂದೆ ಸುಳ್ಳು ಹೇಳ್ದಂಗಲ್ವಾ?"

ಒಂದೇ ಒಂದು ಸುಳ್ಳಿಗೆ ಎಲ್ಲ ಮುಗಿದುಹೋಗುತ್ತಿತ್ತು, ನೀನು ಹೇಳಲಿಲ್ಲ. ಮಾರನೆಯ ದಿನ ಗಂಟು ಕಟ್ಟಿ ದೊಡ್ಡಬಳ್ಳಾಪುರದ ದಾರಿ ಹಿಡಿದೆ. ಹೋಗುವಾಗ ಪಿಳ್ಳಮ್ಮನ ಬಾಗಿಲಲ್ಲಿ ನಿಂತು, ನಿನ್ನ ನಾಲಿಗೆಗೆ ಹುಳ ಬೀಳ ಎಂದು ಶಪಿಸಿದೆ. ಅವತ್ತಿನಿಂದ ಅವಳು ನಮ್ಮ ಹೊಸ್ತಿಲು ತುಳಿದಿಲ್ಲ. ಎಲ್ಲರನ್ನೂ ನಗಿಸುತ್ತಿದ್ದ ಹೆಂಗಸು ನೀರಿಗೆ ಬಂದರೂ ತಲೆ ಎತ್ತುವುದಿಲ್ಲ.

ನೀನು ಹೋದ ಮೇಲೆ ನಿನ್ನ ತಮ್ಮ ಮಗುವಿನ ಕಾಲಿನ ದಾರವನ್ನು ಕತ್ತರಿಸಿ ಬೂದಿಗುಂಡಿಗೆ ಎಸೆದರು. ನಾನು ಹುಡುಕಿ ತೆಗೆದು ಇಟ್ಟುಕೊಂಡಿದ್ದೇನೆ. ಅವರಿಗೆ ಗೊತ್ತಿಲ್ಲ. ಅವರೂ ಸುಖವಾಗಿಲ್ಲ ಅತ್ತಿಗೆ. ಜಪ ಹೇಳಿಕೊಡುವಾಗ ನಡುವೆ ಮರೆತು ನಿಲ್ಲುತ್ತಾರೆ. ನಿನ್ನ ಹೆಸರು ಬಂದರೆ ಎದ್ದು ದನದ ಕಡೆ ಹೋಗುತ್ತಾರೆ. ಅದಕ್ಕೇ ಆ ಹೊಸ ಹೇಂಟೆ. ಒಂದು ಕೋಳಿ ಕೊಟ್ಟರೆ ಮುಗಿಯಿತು ಅನ್ನುವಂಥದ್ದು ಯಾರಿಗೆ ಬೇಡ? ನನಗೂ ಬೇಕಿತ್ತು. ಎರಡು ತಿಂಗಳು ನಾನೂ ಅದನ್ನೇ ಮಾಡಿದೆ. ದಿನಾ ಜಪಸರ ಹಿಡಿದೆ, ಶುಕ್ರವಾರಗಳಲ್ಲಿ ನೀರೂ ಮುಟ್ಟಲಿಲ್ಲ, ಗುಡಿಯ ನೆಲ ಸಾರಿಸಿದೆ. ನನ್ನಷ್ಟು ಭಕ್ತೆ ಈ ಊರಲ್ಲಿ ಇಲ್ಲ ಅಂತ ಇನ್ನಾಸಪ್ಪನೇ ಹೊಗಳಿದ. ಮಾಡಬೇಕಾದ ಒಂದು ಕೆಲಸ ಬಿಟ್ಟು ಉಳಿದ ಎಲ್ಲವನ್ನೂ ಮಾಡಿದೆ.

ಆ ಒಂದು ಕೆಲಸವನ್ನು ಹಬ್ಬದ ದಿನ ಮಾಡುತ್ತೇನೆ. ಹರಾಜಿಗೆ ಜನ ಕೂಡಿದಾಗ ಮಗುವನ್ನು ಎತ್ತಿಕೊಂಡು ಎದ್ದು ನಿಲ್ಲುತ್ತೇನೆ. ಕೋಳಿ ತಿಂದವಳು ನಾನು, ಅದರಿಂದ ಬಂದ ಹಾಲು ಕುಡಿದವಳು ಇವಳು ಎಂದು ಹೇಳುತ್ತೇನೆ. ಉಪದೇಶಿಯ ಕೆಲಸ ಹೋಗಬಹುದು, ಗುಡಿಯವರು ಕೊಟ್ಟ ಈ ಮನೆಯೂ ಹೋಗಬಹುದು. ನಿನ್ನ ತಮ್ಮ ನನ್ನ ಮುಖ ನೋಡದೆ ಇರಬಹುದು. ಭಯ ಇದೆ. ಆದರೆ ಮಗಳು ನಾಳೆ ದೊಡ್ಡವಳಾಗಿ, ಅತ್ತೆ ಯಾಕೆ ಊರಲ್ಲಿಲ್ಲ ಎಂದು ಕೇಳಿದರೆ ಜಪಸರ ತೋರಿಸಲೇ?

ಹೊಟ್ಟೆಗೆ ಸರಿಯಾಗಿ ತಿನ್ನು. ಮಗುವಿನ ತಲೆಯ ಮೇಲೆ ನಿನ್ನ ಆಶೀರ್ವಾದ ಇರಲಿ, ನನಗಾಗಿ ಕೇಳಿಕೊಳ್ಳಲಾರೆ. ವರಲಕ್ಷ್ಮಮ್ಮನವರ ಮಗ್ಗ ಯಾವತ್ತೂ ನಿಲ್ಲದಿರಲಿ.

ನಿನ್ನ,
ಮದಲಮ್ಮ

ಮೇಲೆ ಸಹಿ ಹಾಕಿ ಮಡಿಸಿದ್ದೆ. ಮತ್ತೆ ಬಿಚ್ಚಿದೆ. ವರಲಕ್ಷ್ಮಮ್ಮನವರೆ, ಇದನ್ನೂ ಓದಿ, ಮೆಲ್ಲಗೆ ಓದಿ.

ಅತ್ತಿಗೆ, ಪಿಳ್ಳಮ್ಮ ಯಾರಿಗೂ ಹೇಳಲಿಲ್ಲ. ದಾರ ನೋಡಿ ನಕ್ಕವಳು ಸಂಜೆಯವರೆಗೂ ಬಾಯಿ ಮುಚ್ಚಿಕೊಂಡೇ ಇದ್ದಳು. ಶನಿವಾರ ಸಂಜೆ ಪಾಪನಿವೇದನೆಗೆ ಹೊರಡು ಎಂದು ನಿನ್ನ ತಮ್ಮ ಒಳಗೆ ಬಂದಾಗ ಮಗುವಿನ ಕಾಲು ಕಂಡಿತು. ಇದೇನು ದಾರ ಎಂದು ಕೇಳಿದರು. ದೃಷ್ಟಿಗೆ ಕಟ್ಟಿದ್ದು ಎಂದಿದ್ದರೆ ಮುಗಿಯುತ್ತಿತ್ತು, ನಿಜ ಹೇಳಿದ್ದರೂ ಮುಗಿಯುತ್ತಿತ್ತು. ನಾನು ಹೆದರಿ ಎರಡನ್ನೂ ಬಿಟ್ಟೆ. ಅತ್ತಿಗೆ ಹರಕೆ ಕೋಳಿ ಕುಯ್ದಳು, ಗಂಜಿ ಎಂದು ಸುಳ್ಳು ಹೇಳಿ ನನಗೆ ಕುಡಿಸಿದಳು, ಗಂಟಲಿಗಿಳಿದ ಮೇಲೆ ಗೊತ್ತಾಯಿತು ಎಂದೆ. ಅವರು ಅದನ್ನು ನಂಬಿ ಸ್ವಾಮಿಗಳ ಹತ್ತಿರ ಹೋದರು. ಮೋಸಹೋದವಳು ಎಂದು ನನ್ನ ಹೆಸರು ಬಿಟ್ಟರು.

ನಿಜ ಏನೆಂದು ನಿನಗೂ ನನಗೂ ಗೊತ್ತು. ಶುಕ್ರವಾರ ಬೆಳಿಗ್ಗೆ ನೀನು ಬರಿ ರಾಗಿ ಗಂಜಿ ಕಾಯಿಸಿ ತರುತ್ತೇನೆ ಎಂದೆ. ಗಂಜಿಗೆ ಹಾಲು ಬರುವುದಿಲ್ಲ ಅತ್ತಿಗೆ, ಆ ಹೇಂಟೆ ಇದೆಯಲ್ಲ ಎಂದವಳು ನಾನು. ನೀನು ಬೆಚ್ಚಿ ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಂಡೆ. ಬಹಳ ಹೊತ್ತು ಮಗುವನ್ನೇ ನೋಡುತ್ತಾ ಕೂತೆ. ಆಮೇಲೆ ಎದ್ದು ಹೋದೆ. ನಾನು ಕೇಳಿದೆನೆಂದು ಗುಡಿಯ ಅಂಗಳದಲ್ಲಿ ಒಂದು ಮಾತು ಅಂದಿದ್ದರೆ ನೀನು ಉಳಿದುಕೊಳ್ಳುತ್ತಿದ್ದೆ.

ಇದನ್ನೂ ಹಬ್ಬದ ದಿನ ಹೇಳುತ್ತೇನೆ. ನಿನ್ನ ತಮ್ಮನಿಗೆ ಸೋಮವಾರವೇ ಹೇಳಿರುತ್ತೇನೆ. ಪಿಳ್ಳಮ್ಮನಿಗೆ ಇವತ್ತೇ ಹೇಳಿ ಬಂದೆ. ಬಾಗಿಲು ತೆಗೆದು ಕೇಳಿದಳು. ಬೈಯಲಿಲ್ಲ. "ಮಾರಕ್ಕನ್ನ ಕರಿ, ಅವಳ ಬಾಯಲ್ಲೇ ವಾಪಸ್ ಇಸ್ಕೋತೀನಿ ಆ ಬೈಗುಳ" ಎಂದಷ್ಟೇ ಅಂದು ಬಾಗಿಲು ಹಾಕಿಕೊಂಡಳು.

ಗಂಗಣ್ಣ ಸೋಮವಾರ ದೊಡ್ಡಬಳ್ಳಾಪುರದ ಸಂತೆಗೆ ಗಾಡಿ ತರುತ್ತಾನೆ, ವಾಪಸು ಬರುವಾಗ ನಿನಗೆ ಜಾಗ ಇಟ್ಟಿರುತ್ತಾನೆ. ಬರಲು ಮನಸ್ಸಿಲ್ಲದಿದ್ದರೆ ಬರಬೇಡ, ನಾನು ಹೇಳುವುದು ನೀನು ಬಂದರೂ ಅದೇ, ಬಾರದಿದ್ದರೂ ಅದೇ. ಬಂದರೆ ಮೊಣಕಾಲೂರಬೇಡ. ನಿನಗೆ ಗೊತ್ತುಮಾಡಿದ ಗುಡಿಯ ಆ ಬಾಗಿಲಲ್ಲಿ ನಾನು ನಿಂತಿರುತ್ತೇನೆ, ಮಗುವಿನ ಕಾಲಲ್ಲಿ ಆ ನೀಲಿ ದಾರ ಇರುತ್ತದೆ. ಮಂಗಳವಾರ, ಜೂನ್ ಹದಿಮೂರು, ಬೆಳಿಗ್ಗೆ ಏಳರ ಗಂಟೆ ಹೊಡೆಯುವ ಹೊತ್ತಿಗೆ.